ಲಾಭ ಇದೆ, ದುಡ್ಡು ಎಲ್ಲಿ?

ಅಪ್ಪನ ಕ್ಯಾಂಟೀನ್ ಮುಚ್ಚಿದ್ದು ನಷ್ಟದಿಂದಲ್ಲ. ಇದು ನನಗೆ ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು.

ತೊಂಬತ್ತರ ದಶಕದಲ್ಲಿ ಮುಂಬಯಿಯ ಭಾಂಡುಪಿನ ಎಲ್‌ಬಿಎಸ್ ರಸ್ತೆಯ ಉದ್ದಕ್ಕೂ ಕಾರ್ಖಾನೆಗಳಿದ್ದವು. ಅಂಥ ಒಂದು ಕಾರ್ಖಾನೆಯೊಳಗೆ ಅಪ್ಪನದು ಚಹಾ, ತಿಂಡಿ, ಊಟದ ಗುತ್ತಿಗೆ. ಎರಡು ಪಾಳಿ ಸೇರಿ ದಿನಕ್ಕೆ ಇನ್ನೂರು ಊಟ. ತಿಂಗಳ ಕೊನೆಗೆ ಕೂಪನ್ ಎಣಿಸಿ ಬಿಲ್ ಕೊಟ್ಟರೆ ಚೆಕ್ಕು ಬರುತ್ತಿದ್ದುದು ಮೂರು ತಿಂಗಳ ಮೇಲೆ. ಅಕ್ಕಿ-ಬೇಳೆ ಅಂಗಡಿಯವನು ಮಾತ್ರ ಹದಿನೈದು ದಿನಕ್ಕೇ ಬಾಗಿಲಿಗೆ ಬರುತ್ತಿದ್ದ. ಒಂದು ದಿನ ಅವನು ಇನ್ನು ಮಾಲು ಕೊಡುವುದಿಲ್ಲ ಅಂದ. ಅಮ್ಮನ ಬಳೆ ಒತ್ತೆ ಹೋಯಿತು. ಮರುತಿಂಗಳು ಕ್ಯಾಂಟೀನ್ ನಿಂತಿತು. ಅಪ್ಪನಿಗೆ ವ್ಯಾಪಾರ ಮಾಡಲು ಬರುವುದಿಲ್ಲ ಅಂತ ಊರಿನವರು ಅಂದರು, ಅಪ್ಪನೂ ಅದನ್ನೇ ನಂಬಿಕೊಂಡರು.

ನಾನು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಕಪಾಟಿನ ಮೇಲಿದ್ದ ಅಪ್ಪನ ಚೋಪಡಿ, ಅಂದರೆ ಲೆಕ್ಕದ ಪುಸ್ತಕ, ತೆಗೆದು ನೋಡಿದೆ. ಕೆಂಪು ಬಟ್ಟೆಯ ರಟ್ಟು, ಅಂಚಿನಲ್ಲಿ ಎಣ್ಣೆ ಕಲೆ, ಅಪ್ಪನ ದುಂಡು ಅಕ್ಷರ. ಒಂದೊಂದೇ ತಿಂಗಳು ಕೂಡಿಸಿದೆ. ಪ್ರತಿ ತಿಂಗಳೂ ಖರ್ಚಿಗಿಂತ ಬಿಲ್ಲು ಜಾಸ್ತಿ. ಕೊನೆಯ ಪುಟದಲ್ಲಿ ಕಾರ್ಖಾನೆಯಿಂದ ಬರಬೇಕಾದ್ದು 1,40,000 ರೂಪಾಯಿ, ಅಂಗಡಿಯವನಿಗೆ ಕೊಡಬೇಕಾದ್ದು 62,000. ಅಂದರೆ ಮುಚ್ಚಿದ ದಿನವೂ ಅಪ್ಪ 78,000 ರೂಪಾಯಿ ಲಾಭದಲ್ಲೇ ಇದ್ದರು. ಕಾರ್ಖಾನೆಯ ಕೊನೆಯ ಚೆಕ್ಕು ಬಂದದ್ದು ಕ್ಯಾಂಟೀನ್ ನಿಂತ ಆರು ತಿಂಗಳಿಗೆ.

ಇಪ್ಪತ್ತು ವರ್ಷದಿಂದ ಮುಂಬಯಿಯಲ್ಲಿ ಕರಾವಳಿ ಕಡೆಯ ನಮ್ಮವರ ಸಣ್ಣ ಸಣ್ಣ ಧಂದೆಗಳ ಲೆಕ್ಕ ಬರೆಯುತ್ತಿದ್ದೇನೆ. ಮುಲುಂಡಿನಲ್ಲಿ ಜೆರಾಕ್ಸ್ ಅಂಗಡಿ, ಮಾಟುಂಗದಲ್ಲಿ ಹೂವಿನ ವ್ಯಾಪಾರ, ಡೊಂಬಿವಲಿಯಲ್ಲಿ ಹಿಟ್ಟಿನ ಘಟಕ, ಎಲ್ಲ ಕಡೆ ಸಣ್ಣ ಹೋಟೆಲು. ಮಾರ್ಚ್ ಮುಗಿದು ಲೆಕ್ಕ ಒಪ್ಪಿಸುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆರು ಲಕ್ಷ ಲಾಭ ಅಂತ ಬರೆದಿದ್ದೀರಿ ಮಾರಾಯ್ರೇ, ಆ ದುಡ್ಡು ಎಲ್ಲಿದೆ?" ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿರುವವರು ಕೆಟ್ಟ ಕಾಲದಲ್ಲೂ ಅಂಗಡಿ ಬಾಗಿಲು ತೆರೆದೇ ಇಡುತ್ತಾರೆ.

ಲಾಭವನ್ನು ಲೆಕ್ಕಕ್ಕೆ ಹಿಡಿಯುವುದು ಬಿಲ್ ಹರಿದ ದಿನ. ದುಡ್ಡನ್ನು ಎಣಿಸುವುದು ಅದು ಕೈಗೆ ಬಂದ ದಿನ. ಈ ಎರಡು ದಿನಗಳ ನಡುವೆ ಎಷ್ಟು ದೂರ ಇದೆಯೋ ಅಷ್ಟು ದಿನ ನಿಮ್ಮ ಲಾಭ ಬರೀ ಕಾಗದದ ಮೇಲೆ ಇರುತ್ತದೆ. ಅದು ಗೋದಾಮಿನಲ್ಲಿ ಮಾಲಾಗಿ ಕೂತಿರಬಹುದು, ಗಿರಾಕಿ ಹತ್ತಿರ ಉದ್ರಿಯಾಗಿ ಇರಬಹುದು, ಗಾಳೆಯ (ಬಾಡಿಗೆ ಮಳಿಗೆಯ) ಡಿಪಾಸಿಟ್ಟಿನಲ್ಲೋ ಹೊಸ ಫ್ರಿಜ್ಜಿನಲ್ಲೋ ಸಿಕ್ಕಿಕೊಂಡಿರಬಹುದು, ಇಲ್ಲವೇ ನಿಮಗೇ ಗೊತ್ತಾಗದಂತೆ ಮನೆಗೆ ಹೋಗಿರಬಹುದು. ಕಳ್ಳತನ ಆಗದಿದ್ದರೆ ಇಷ್ಟರಲ್ಲೇ ಎಲ್ಲೋ ಒಂದು ಕಡೆ ಇದೆ.

ಒಂದು ಉದಾಹರಣೆಯನ್ನು ತಿಂಗಳು ತಿಂಗಳಾಗಿ ಬಿಡಿಸಿ ನೋಡೋಣ. ಸುಮ್ನೆ ಓದಿ ಬಿಡಬೇಡಿ, ಒಂದು ಪೆನ್ನು ಹಿಡಿದುಕೊಳ್ಳಿ.

ಡೊಂಬಿವಲಿ ಪೂರ್ವದಲ್ಲಿ ಕುಂದಾಪುರ ಕಡೆಯ ಒಬ್ಬ ಅಕ್ಕ ಇಡ್ಲಿ-ದೋಸೆ ಹಿಟ್ಟು ಮಾಡಿ ಮಾರುತ್ತಾರೆ. ಸುತ್ತಲಿನ ಕಿರಾಣಿ ಅಂಗಡಿಗಳಿಗೆ ಬೆಳಗ್ಗೆ ಪ್ಯಾಕೆಟ್ ಹಾಕಿದರೆ ಮರುದಿನ ಹೊಸ ಪ್ಯಾಕೆಟ್ ಕೊಡುವಾಗ ಹಿಂದಿನ ದಿನದ ದುಡ್ಡು ಬರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಅವರು ಫೋನ್ ಮಾಡಿ ಕರೆದರು. ಹೋದರೆ ಗ್ರೈಂಡರ್ ಓಡುತ್ತಿತ್ತು, ನೆಲದ ತುಂಬ ನೆನೆದ ಉದ್ದಿನ ವಾಸನೆ. ಕೈ ಒರೆಸಿಕೊಂಡು ಒಂದು ಕಾಗದ ತೋರಿಸಿದರು. ಒಂದು ದೊಡ್ಡ ಕಂಪನಿಯ ಕ್ಯಾಂಟೀನಿಗೆ ತಿಂಗಳಿಗೆ 2 ಲಕ್ಷ ರೂಪಾಯಿಯ ಹಿಟ್ಟು ಬೇಕಂತೆ. ಅದಕ್ಕೆ ಅಕ್ಕಿ, ಉದ್ದು, ಕರೆಂಟು, ಪ್ಯಾಕಿಂಗು, ಇನ್ನಿಬ್ಬರು ಕೆಲಸದವರು, ಟೆಂಪೊ ಎಲ್ಲ ಸೇರಿ 1 ಲಕ್ಷ 60 ಸಾವಿರ ಖರ್ಚು. ತಿಂಗಳಿಗೆ 40 ಸಾವಿರ ಉಳಿಯುತ್ತದೆ. "ಒಪ್ಪಿಕೊಳ್ಳುವುದಾ ತಮ್ಮಾ?" ಅಂತ ಕೇಳಿದರು. ಮುಖದಲ್ಲಿ ಖುಷಿ ಇತ್ತು. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ತಿಂಗಳಿಗೊಂದು ಬಿಲ್, ಬಿಲ್ ಕೊಟ್ಟ 60 ದಿನಕ್ಕೆ ಹಣ.

ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಲೆಕ್ಕ ಹಾಕಿದೆವು. ಮೊದಲ ತಿಂಗಳು 1.6 ಲಕ್ಷ ಹೋಯಿತು, ಬಂದದ್ದು ಸೊನ್ನೆ. ತಿಂಗಳ ಕೊನೆಗೆ ಬಿಲ್ ಕೊಟ್ಟರು. ಎರಡನೇ ತಿಂಗಳು ಮತ್ತೆ 1.6 ಲಕ್ಷ ಹೋಯಿತು, ಬಂದದ್ದು ಸೊನ್ನೆ. ಮೂರನೇ ತಿಂಗಳು ಮತ್ತೆ 1.6. ಆ ತಿಂಗಳ ಕೊನೆಗೆ ಮೊದಲ ಬಿಲ್ಲಿನ 60 ದಿನ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಅಕ್ಕನ ಕೈಯಿಂದ 4 ಲಕ್ಷ 80 ಸಾವಿರ ಹೋಗಿರುತ್ತದೆ, ಒಂದು ರೂಪಾಯಿಯೂ ಬಂದಿರುವುದಿಲ್ಲ. ಆಮೇಲೆ 2 ಲಕ್ಷ ಬಂದರೂ ಇನ್ನೂ 2.8 ಲಕ್ಷ ಹೊರಗೇ ಇದೆ. ಅಲ್ಲಿಂದ ಮುಂದೆ ತಿಂಗಳಿಗೆ 40 ಸಾವಿರದಂತೆ ಆ ಗುಂಡಿ ತುಂಬುತ್ತಾ ಬರಬೇಕು. ಪೂರ್ತಿ ತುಂಬುವುದು ಯಾವಾಗ ಗೊತ್ತಾ? ಹತ್ತನೇ ತಿಂಗಳ ಕೊನೆಗೆ. ಅದೂ ಕಂಪನಿ ಒಂದು ದಿನವೂ ತಡ ಮಾಡದಿದ್ದರೆ. ಚೋಪಡಿಯಲ್ಲಿ ಮಾತ್ರ ಮೊದಲ ತಿಂಗಳಿಂದಲೇ 40 ಸಾವಿರ ಲಾಭ ಅಂತ ಇರುತ್ತದೆ.

ಈಗ ಅದೇ ಹಿಟ್ಟು, ಅದೇ ದರ, ಅದೇ ಕ್ಯಾಂಟೀನು. ಬಿಲ್ ಮಾತ್ರ ವಾರಕ್ಕೊಂದು, ಹಣ 14 ದಿನಕ್ಕೆ ಅಂತ ಇಟ್ಟುಕೊಳ್ಳಿ. ವಾರಕ್ಕೆ 40 ಸಾವಿರ ಖರ್ಚು, 50 ಸಾವಿರದ ಬಿಲ್. ಮೂರು ವಾರದ ಖರ್ಚು 1.2 ಲಕ್ಷ ಹೋಗುವಷ್ಟರಲ್ಲಿ ಮೊದಲ ದುಡ್ಡು ಬರುತ್ತದೆ. ಹಾಕಿದ್ದೆಲ್ಲ ವಾಪಸ್ ಬರುವುದು ಹತ್ತೇ ವಾರದಲ್ಲಿ. ಅಲ್ಲಿ ಹತ್ತು ತಿಂಗಳು, ಇಲ್ಲಿ ಹತ್ತು ವಾರ. ಒಂದು ಪೈಸೆ ದರ ಏರಿಸಿಲ್ಲ, ಒಬ್ಬ ಕೆಲಸದವನನ್ನು ಕಡಿಮೆ ಮಾಡಿಲ್ಲ. ಬದಲಾಗಿದ್ದು ದಿನಗಳು ಮಾತ್ರ.

ಆದ್ದರಿಂದ ದರದ ಬಗ್ಗೆ ಚೌಕಾಸಿ ಮಾಡುವ ಮೊದಲು ದಿನದ ಬಗ್ಗೆ ಚೌಕಾಸಿ ಮಾಡಿ. ನಮ್ಮವರು ಕಿಲೋಗೆ ಒಂದು ರೂಪಾಯಿಗೆ ಅರ್ಧ ಗಂಟೆ ಮಾತಾಡುತ್ತಾರೆ, ಹಣ ಯಾವಾಗ ಅಂತ ಕೇಳಲು ಸಂಕೋಚ ಪಡುತ್ತಾರೆ. ಕೇಳಿದರೆ ನಮ್ಮ ಹತ್ತಿರ ದುಡ್ಡಿಲ್ಲ ಅಂತ ತಿಳಿದುಕೊಂಡಾರು ಎನ್ನುವ ಭಯ. ಅಂಗಡಿ ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು ಹಾಕಿ ಐವತ್ತು ರೂಪಾಯಿ ಗಿರಾಕಿಗೆ ಗಟ್ಟಿಯಾಗಿ ಇಲ್ಲ ಅನ್ನುವವರು, ದೊಡ್ಡ ಕಂಪನಿ ಐದು ಲಕ್ಷ ಉದ್ರಿ ಕೇಳಿದಾಗ ತಲೆ ಆಡಿಸುತ್ತಾರೆ. ಬರೆದು ತೋರಿಸುತ್ತಾರಲ್ಲ, ಅದಕ್ಕೆ ಉದ್ರಿ ಅಂತ ಅನ್ನಿಸುವುದೇ ಇಲ್ಲ.

ಇದು ಮುಂಬಯಿಗೆ ಹೊಸ ಕಷ್ಟ ಅಲ್ಲ. ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಗಿರಣಗಾಂವಿನ, ಅಂದರೆ ಬಟ್ಟೆ ಗಿರಣಿಗಳಿದ್ದ ಭಾಗದ, ಚಾಳುಗಳಲ್ಲಿ ಹೆಂಗಸರು ಖಾನಾವಳಿ ನಡೆಸುತ್ತಿದ್ದರು. ಗಿರಣಿ ಕಾರ್ಮಿಕರು ತಿಂಗಳಿಡೀ ಉಂಡು ಪಗಾರ ಆದ ಮೇಲೆ ದುಡ್ಡು ಕೊಡುತ್ತಿದ್ದರು. ಅಲ್ಲಿವರೆಗೆ ಜೋಳ, ಎಣ್ಣೆ, ಬೇಳೆ ತರುವುದು ಉದ್ರಿಯಲ್ಲಿ ಅಥವಾ ಬಡ್ಡಿಸಾಲದಲ್ಲಿ. ದುಡಿದದ್ದರಲ್ಲಿ ಒಂದು ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿತ್ತು. ಗೋವಾ ವಿಮೋಚನೆಯ ಹೋರಾಟದಲ್ಲಿದ್ದ ಪ್ರೇಮಾ ಪುರವ್ ಇದನ್ನು ಕಂಡು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಹೆಂಗಸರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸಿ, ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ಆ ಹೆಂಗಸರಿಗೆ ಅಡುಗೆ ಕಲಿಸಬೇಕಾಗಿರಲಿಲ್ಲ, ಗಿರಾಕಿ ಹುಡುಕಿಕೊಡಬೇಕಾಗಿರಲಿಲ್ಲ. ಪಗಾರದ ದಿನದವರೆಗಿನ ಆ ಮೂವತ್ತು ದಿನ ದಾಟಿಸಬೇಕಾಗಿತ್ತು, ಅಷ್ಟೇ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಗಿ ಪಗಾರವೇ ನಿಂತಾಗ, ಉಂಡವರ ಬಾಕಿ ಹೊತ್ತುಕೊಂಡು ಕೂತವರೂ ಇಂಥ ಹೆಂಗಸರೇ.

ನಿಮ್ಮ ದಿನಗಳನ್ನು ಎಣಿಸುವುದು ಹೀಗೆ. ಮಾಲು ತಂದು ಮಾರಾಟ ಆಗುವವರೆಗೆ ಎಷ್ಟು ದಿನ, ಮಾರಿದ ಮೇಲೆ ದುಡ್ಡು ಬರುವವರೆಗೆ ಎಷ್ಟು ದಿನ, ಇವೆರಡನ್ನೂ ಕೂಡಿಸಿ. ನಿಮಗೆ ಮಾಲು ಕೊಡುವವನು ಎಷ್ಟು ದಿನ ಕಾಯುತ್ತಾನೋ ಅದನ್ನು ಕಳೆಯಿರಿ. ಉಳಿದಷ್ಟು ದಿನ ಧಂದೆ ಓಡುವುದು ನಿಮ್ಮ ಸ್ವಂತ ದುಡ್ಡಿನಲ್ಲಿ. ಹೂವಿನವನಿಗೆ ಇದು ಒಂದು ದಿನ. ಇಡ್ಲಿ ಹೋಟೆಲಿಗೆ ಸೊನ್ನೆಗಿಂತಲೂ ಕಡಿಮೆ ಇರಬಹುದು, ಯಾಕೆಂದರೆ ಗಿರಾಕಿ ತಿಂದ ಕೂಡಲೇ ಕೊಡುತ್ತಾನೆ, ಹಾಲಿನವನಿಗೆ ಹತ್ತು ದಿನ ಬಿಟ್ಟು ಕೊಟ್ಟರೂ ನಡೆಯುತ್ತದೆ. ನಮ್ಮ ಊರಿನ ಹುಡುಗರು ಕೈಯಲ್ಲಿ ಏನೂ ಇಲ್ಲದೆ ಮುಂಬಯಿಗೆ ಬಂದು ಹೋಟೆಲ್ ಕಟ್ಟಿದ್ದಕ್ಕೆ ಅವರ ದುಡಿಮೆ ಎಷ್ಟು ಕಾರಣವೋ, ಈ ನಗದು ವ್ಯಾಪಾರವೂ ಅಷ್ಟೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಅದೇ ಮನುಷ್ಯ ಕೇಟರಿಂಗ್‌ಗೋ ಕ್ಯಾಂಟೀನ್ ಗುತ್ತಿಗೆಗೋ ಇಳಿದಾಗ, ಅಡುಗೆ ಅದೇ ಆದರೂ ವ್ಯಾಪಾರ ಬೇರೆ ಆಗಿರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಮಾಲಿನವನು ಕೊಡುವ ಉದ್ರಿಯೂ ಪುಕ್ಕಟೆ ಅಲ್ಲ, ನೆನಪಿಡಿ. ಹದಿನೈದು ದಿನದ ಉದ್ರಿಗೆ ಅಕ್ಕಿ ಮೂಟೆ 2,500, ನಗದು ಕೊಟ್ಟರೆ 2,450 ಅಂದರೆ, ಆ 50 ರೂಪಾಯಿ ಹದಿನೈದು ದಿನದ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಶೇ. 50. ಹಾಗಾಗಿ ನಗದಿನ ದರ ಎಷ್ಟು ಅಂತ ಯಾವಾಗಲೂ ಕೇಳಿ. ಇನ್ನು ದಿನಾ ವಸೂಲಿಯ ಸಾಲದವರು 8,500 ಕೈಗಿಟ್ಟು ದಿನಕ್ಕೆ 100 ರೂಪಾಯಿಯಂತೆ ನೂರು ದಿನ ತೆಗೆದುಕೊಳ್ಳುತ್ತಾರೆ. ನೋಡಲು 1,500 ರೂಪಾಯಿ ಬಡ್ಡಿ ಅಷ್ಟೇ. ಆದರೆ ಮೊದಲ ದಿನದಿಂದಲೇ ನೀವು ಅಸಲು ತೀರಿಸುತ್ತಾ ಹೋಗುವುದರಿಂದ ವರ್ಷದ ಲೆಕ್ಕಕ್ಕೆ ಅದು ಶೇ. 100 ದಾಟುತ್ತದೆ. ಆ ಬಾಗಿಲಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ. 2015ರಲ್ಲಿ ಶುರುವಾದ ಮುದ್ರಾ ಸಾಲ ಮೊದಲ ಸಲ ತೆಗೆದುಕೊಳ್ಳುವವರಿಗೂ ಒತ್ತೆ ಇಲ್ಲದೆ 10 ಲಕ್ಷದವರೆಗೆ ಸಿಗುತ್ತದೆ. ಬ್ಯಾಂಕಿನವರು ಕೇಳುವುದು ಖಾತೆಯಲ್ಲಿ ವ್ಯಾಪಾರ ಕಾಣುತ್ತದಾ ಅಂತ. ಅದಕ್ಕೇ ನಗದನ್ನೂ ಖಾತೆಗೆ ಹಾಕಿ ಓಡಿಸಿ ಅಂತ ನಾನು ಹೇಳುತ್ತಲೇ ಇರುತ್ತೇನೆ.

ಈಗ ಕಾನೂನು. ಇದು ನಿಮಗೆ ಗೊತ್ತಿರಲೇಬೇಕು, ಯಾಕೆಂದರೆ ನಿಮ್ಮ ಪರವಾಗಿ ಇರುವ ಕೆಲವೇ ಕಾನೂನುಗಳಲ್ಲಿ ಇದು ಒಂದು. 2006ರ ಎಂಎಸ್‌ಎಂಇಡಿ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ, ಸಣ್ಣ ಉದ್ದಿಮೆಯಿಂದ ಮಾಲು ಅಥವಾ ಸೇವೆ ತೆಗೆದುಕೊಂಡವರು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ದಾಟಿಸುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಅಂದರೆ ಅಕ್ಕನ ಕಾಗದದಲ್ಲಿದ್ದ 60 ದಿನ ಕಾನೂನಿಗೆ ನಿಲ್ಲುವುದೇ ಇಲ್ಲ. ಬಾಕಿ ಉಳಿದರೆ ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡಿದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅದು ಇಂಥ ಬಾಕಿ ಬಗೆಹರಿಸುವ ರಾಜ್ಯದ ಕೌನ್ಸಿಲ್ ಮುಂದೆ ಹೋಗುತ್ತದೆ.

ಆದರೆ ಗಿರಾಕಿ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ ಎನ್ನುವ ಭಯ ಎಲ್ಲರಿಗೂ ಇದೆ, ಅದು ಸುಳ್ಳು ಭಯವೂ ಅಲ್ಲ. ಅದಕ್ಕೇ 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ನಿಯಮ ಹೆಚ್ಚು ಕೆಲಸಕ್ಕೆ ಬರುತ್ತದೆ. ಈ ಗಡುವಿನೊಳಗೆ ಹಣ ಕೊಡದಿದ್ದರೆ ಕಂಪನಿಯು ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ, ನಿಜವಾಗಿ ಹಣ ಕೊಟ್ಟ ವರ್ಷವೇ ಕಳೆಯಬೇಕು. ಬಾಕಿ ಇಟ್ಟರೆ ಅವರ ತೆರಿಗೆ ಏರುತ್ತದೆ. ನೀವು ಜಗಳ ಆಡಬೇಕಾಗಿಲ್ಲ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ನಂಬರ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಣಿ ಮಾಡಿಸಿದಾಗ ಸಿಗುವ ನಂಬರ್) ಅಚ್ಚು ಹಾಕಿಸಿದರೆ ಸಾಕು, ಅವರ ಅಕೌಂಟ್ಸ್ ವಿಭಾಗದವರಿಗೆ ಅರ್ಥವಾಗುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ನೆನಪಿಸುವ ಒಂದು ಮೇಲ್ ಹಾಕಿ.

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ, ಆನ್‌ಲೈನ್‌ನಲ್ಲಿ ಆಗುತ್ತದೆ, ಸರ್ಕಾರಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಎರಡು ಸಾವಿರ, ಮೂರು ಸಾವಿರ ಕೇಳುವ ವೆಬ್‌ಸೈಟುಗಳು ಖಾಸಗಿಯವರವು. ಮಾಲು ಕೊಡುವ ಮೊದಲೇ ನೋಂದಣಿ ಮಾಡಿಸಿಟ್ಟುಕೊಳ್ಳಿ, ಬಾಕಿ ಬಿದ್ದ ಮೇಲೆ ಓಡಬೇಡಿ. 2025ರ ಏಪ್ರಿಲ್‌ನಿಂದ ವಹಿವಾಟು 10 ಕೋಟಿಯವರೆಗೆ, ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿಯವರೆಗೆ ಇದ್ದರೆ ಅತಿಸಣ್ಣ ಉದ್ದಿಮೆ ಅಂತ ಲೆಕ್ಕ, ಹಾಗಾಗಿ ನಮ್ಮಲ್ಲಿ ಬಹುಪಾಲು ಎಲ್ಲರೂ ಅದರೊಳಗೇ ಬರುತ್ತೇವೆ. ಒಂದು ಎಚ್ಚರಿಕೆ: ಬರೀ ತಂದು ಮಾರುವ ವ್ಯಾಪಾರಿಗಳಿಗೂ ಉದ್ಯಮ್ ಸಿಗುತ್ತದೆ, ಆದರೆ ಅವರಿಗೆ ಅದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ. 45 ದಿನದ ರಕ್ಷಣೆ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ತಿಂಗಳ ರಿಟರ್ನ್ ಹಾಕುವವರು ಈ ತಿಂಗಳ ಬಿಲ್ಲಿನ ತೆರಿಗೆಯನ್ನು ಮುಂದಿನ ತಿಂಗಳ 20ಕ್ಕೆ ಕಟ್ಟಬೇಕು, ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ. ಉದ್ರಿ ಉದ್ದವಾದಷ್ಟೂ ಅವರ ತೆರಿಗೆಯನ್ನೂ ನೀವೇ ಕೈಯಿಂದ ಹಾಕಿ ಕಾಯುತ್ತೀರಿ.

ಇಲ್ಲಿವರೆಗೆ ದಿನದ ಮಾತಾಯಿತು. ನಗದು ವ್ಯಾಪಾರದವರಿಗೆ ದುಡ್ಡು ಸೋರುವುದು ಬೇರೆ ಕಡೆ, ಅದು ಡಿಸ್ಕೌಂಟಿನಲ್ಲಿ. 100 ರೂಪಾಯಿಗೆ ಮಾರುವ ವಸ್ತುವಿಗೆ ನಿಮಗೆ 80 ಬೀಳುತ್ತದೆ ಅಂದುಕೊಳ್ಳಿ. "ಬರೀ ಹತ್ತು ಪರ್ಸೆಂಟ್" ಬಿಟ್ಟರೆ 90 ಆಯಿತು. ಉಳಿಯುತ್ತಿದ್ದ 20ರಲ್ಲಿ 10 ಹೋಯಿತು, ಅಂದರೆ ಅರ್ಧ ಲಾಭ ಹೋಯಿತು. ಮೊದಲಿನಷ್ಟೇ ದುಡಿಯಬೇಕಾದರೆ ಎರಡು ಪಟ್ಟು ಮಾರಬೇಕು. ಎರಡು ಪಟ್ಟು ಜನ ಬರುತ್ತಾರಾ? ಬಂದರೂ ನಿಮ್ಮ ಕೈಯಲ್ಲಿ ಆಗುತ್ತದಾ? ಇದನ್ನೇ ತಿರುಗಿಸಿ ನೋಡಿ. 5 ರೂಪಾಯಿ ಏರಿಸಿ 105 ಮಾಡಿದರೆ ಉಳಿಯುವುದು 25. ಐದು ಗಿರಾಕಿಯಲ್ಲಿ ಒಬ್ಬ ಬಿಟ್ಟು ಹೋದರೂ ಮೊದಲಿನಷ್ಟೇ ಲಾಭ, ಕೆಲಸ ಕಡಿಮೆ. ಎಲ್ಲರೂ ದರ ಏರಿಸಿ ಅಂತ ಹೇಳುತ್ತಿಲ್ಲ. ದರ ಇಳಿಸುವ ಮೊದಲು ಈ ಎರಡು ಸಾಲು ಲೆಕ್ಕ ಹಾಕಿ ಅಂತ ಹೇಳುತ್ತಿದ್ದೇನೆ.

ಹೋಟೆಲಿನವರು ಇನ್ನೊಂದು ಸಂಖ್ಯೆ ಬಾಯಿಪಾಠ ಮಾಡಿಕೊಂಡಿರಬೇಕು. ಬಾಡಿಗೆ 60 ಸಾವಿರ, ಪಗಾರ 90 ಸಾವಿರ, ಕರೆಂಟು ಮತ್ತಿತರ 30 ಸಾವಿರ ಅಂದರೆ ಗಿರಾಕಿ ಬರಲಿ ಬಿಡಲಿ ತಿಂಗಳಿಗೆ 1.8 ಲಕ್ಷ, ದಿನಕ್ಕೆ 6 ಸಾವಿರ ಹೋಗುತ್ತದೆ. ನೂರು ರೂಪಾಯಿ ಬಿಲ್ಲಿನಲ್ಲಿ 40 ಸಾಮಾನಿಗೆ ಹೋದರೆ ಉಳಿಯುವುದು 60. ಹಾಗಾದರೆ ದಿನಕ್ಕೆ 10 ಸಾವಿರ ಗಲ್ಲಾಕ್ಕೆ ಬಿದ್ದ ಮೇಲೆಯೇ ನಿಮ್ಮ ದುಡಿಮೆ ಶುರು. ಆ 10 ಸಾವಿರ ಮಧ್ಯಾಹ್ನ ಎರಡಕ್ಕೆ ಮುಟ್ಟುತ್ತದಾ, ರಾತ್ರಿ ಒಂಬತ್ತಕ್ಕಾ ಅಂತ ಒಂದು ತಿಂಗಳು ಬರೆದಿಡಿ. ಹೋಟೆಲಿನ ಆರೋಗ್ಯ ಅದರಲ್ಲೇ ಗೊತ್ತಾಗುತ್ತದೆ.

ಮನೆಗೆ ತಲುಪಿಸುವ ಆ್ಯಪ್‌ಗಳಿಗೂ ಇದೇ ಅಳತೆ. ಕಮಿಷನ್ ನೂರಕ್ಕೆ 25, ಡಬ್ಬಿಗೆ 8 ಅಂತ ಇಟ್ಟುಕೊಂಡರೆ, 40 ಸಾಮಾನಿನ ಖರ್ಚು ಕಳೆದು 27 ಉಳಿಯಿತು. ಅದರ ಮೇಲೆ ನೀವೇ ಶೇ. 20 ಆಫರ್ ಕೊಟ್ಟರೆ ಉಳಿಯುವುದು 12. ಮಧ್ಯಾಹ್ನ ಮೂರಕ್ಕೆ ಒಲೆ ಸುಮ್ಮನೆ ಉರಿಯುವಾಗ ಆ 12 ಕೂಡ ಬೇಡ ಅನ್ನಬಾರದು. ಆದರೆ ಬೆಳಗ್ಗೆ ಒಂಬತ್ತಕ್ಕೆ ಹೊರಗೆ ಸಾಲು ನಿಂತಿರುವಾಗ, ಒಳಗಿನ ಗಿರಾಕಿಯ 60 ಬಿಟ್ಟು ಆ್ಯಪ್‌ನ 12ರ ದೋಸೆ ಹಾಕುವುದು ತಪ್ಪು. ಆ ಹೊತ್ತಿಗೆ ಆ್ಯಪ್ ಬಂದ್ ಮಾಡಿ.

ಜಾಹೀರಾತಿನದ್ದೂ ಇದೇ ಕಥೆ. ಪೇಪರ್ ಒಳಗೆ ಹಾಕುವ ಚೀಟಿಗೆ 6 ಸಾವಿರ ಖರ್ಚು ಮಾಡಿದಿರಿ, ಇಪ್ಪತ್ತು ಹೊಸಬರು ಬಂದರು. ಒಬ್ಬರಿಗೆ 300 ಬಿತ್ತು. ಅವರು ಸಲಕ್ಕೆ 150ರ ಬಿಲ್ ಮಾಡಿದರೆ ನಿಮಗೆ ಉಳಿಯುವುದು 90. ನಾಲ್ಕನೇ ಸಲ ಬಂದಾಗ ನಿಮ್ಮ 300 ವಾಪಸ್ಸು. ಹಾಗೆ ನೋಡಿದರೆ ಜಾಹೀರಾತು ಕೂಡ ನೀವು ಕೊಟ್ಟ ಉದ್ರಿಯೇ, ಗಿರಾಕಿ ಅದನ್ನು ಮತ್ತೆ ಮತ್ತೆ ಬಂದು ತೀರಿಸಬೇಕು. ಮೊದಲ ಸಲ ಬಂದವನಿಗೆ ಚಟ್ನಿ ತಣ್ಣಗೆ ಕೊಟ್ಟರೆ ಆ 300 ಮುಳುಗಿತು ಅಂತ ತಿಳಿಯಿರಿ. ಹೊಸ ಮುಖ ಕಂಡಾಗ "ನಮ್ಮದು ಹೇಗೆ ಗೊತ್ತಾಯಿತು?" ಅಂತ ಕೇಳಿ, ಗಲ್ಲಾದ ಪಕ್ಕ ಒಂದು ಕಾಗದದಲ್ಲಿ ಗೀಟು ಹಾಕುತ್ತಾ ಹೋಗಿ. ಚೀಟಿ, ಪಕ್ಕದ ಸೊಸೈಟಿಯ ವಾಟ್ಸಾಪ್ ಗುಂಪು, ಗೂಗಲ್ ಮ್ಯಾಪು, ಸುಮ್ನೆ ದಾರಿಯಲ್ಲಿ ಹೋಗುವಾಗ ಕಂಡದ್ದು, ಯಾವುದರ ಮುಂದೆ ಗೀಟು ಜಾಸ್ತಿ ಬಿತ್ತು ನೋಡಿ. ಎಷ್ಟೋ ಅಂಗಡಿಗಳ ಗೂಗಲ್ ಮ್ಯಾಪಿನಲ್ಲಿ ಹಳೇ ಫೋನ್ ನಂಬರ್, ತಪ್ಪು ಸಮಯ ಇರುತ್ತದೆ. ಅದನ್ನು ಸರಿ ಮಾಡಲು ದುಡ್ಡು ಬೇಡ, ಅರ್ಧ ಗಂಟೆ ಸಾಕು. ಮೊದಲು ಅದು ಮಾಡಿ.

ಇನ್ನು ಮನೆಗೆ ಹೋಗುವ ದುಡ್ಡು. ಇದನ್ನು ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ, ಆದರೂ ಹೇಳುತ್ತೇನೆ. ನಮ್ಮವರು ಗಲ್ಲಾವನ್ನು ಜೇಬು ಅಂದುಕೊಳ್ಳುತ್ತಾರೆ. ತರಕಾರಿಗೆ ಅದರಿಂದ, ಮಗಳ ಫೀಸಿಗೆ ಅದರಿಂದ, ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರಿಗೂ ಅದರಿಂದ. ಕೊಡಬೇಡಿ ಅಂತ ನಾನು ಯಾರಿಗೂ ಹೇಳಲಾರೆ. ಊರಿನ ಋಣ ದೊಡ್ಡದು. ಆದರೆ ನಿಮಗೆ ನೀವೇ ತಿಂಗಳಿಗೊಂದು ಪಗಾರ ಗೊತ್ತು ಮಾಡಿಕೊಳ್ಳಿ, 1ನೇ ತಾರೀಖು ಅದನ್ನು ಮನೆಯ ಖಾತೆಗೆ ಹಾಕಿ, ಕೊಡುವುದೆಲ್ಲ ಅದರಿಂದ ಕೊಡಿ. ಅಂಗಡಿಯ ಕ್ಯೂಆರ್ ಬೇರೆ, ಮನೆಯ ಯುಪಿಐ ಬೇರೆ ಇರಲಿ. ಆರು ತಿಂಗಳಲ್ಲಿ ನಿಮಗೇ ಕಾಣುತ್ತದೆ, ಧಂದೆ ಮನೆಯನ್ನು ಸಾಕುತ್ತಿದೆಯಾ ಅಥವಾ ಮನೆ ಧಂದೆಯನ್ನು ತಿನ್ನುತ್ತಿದೆಯಾ ಅಂತ.

ದೊಡ್ಡ ಖರ್ಚಿಗೆ ಕೂಡಿಡುವ ದಾರಿ ನಮ್ಮ ಕರಾವಳಿಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ಶುರು ಮಾಡಿತ್ತು, ದಿನಕ್ಕೆ ಎರಡಾಣೆ ಇದ್ದರೂ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಅದೇ ಬುದ್ಧಿ ಈಗಲೂ ಬೇಕು. ತಿಂಗಳಿಗೆ 60 ಸಾವಿರ ಬಾಡಿಗೆ ಅಂದರೆ ದಿನಕ್ಕೆ 2 ಸಾವಿರ. ರಾತ್ರಿ ಗಲ್ಲಾ ಮುಚ್ಚುವಾಗ ಆ 2 ಸಾವಿರ ಬೇರೆ ಖಾತೆಗೆ ಹೋಗಲಿ. ಬಾಡಿಗೆಯ ದಿನ ಬಂದಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಕೊನೆಯದಾಗಿ, ಹದಿಮೂರು ವಾರದ ಹಾಳೆ. ಒಂದು ದೊಡ್ಡ ಕಾಗದದಲ್ಲಿ ಮುಂದಿನ ಹದಿಮೂರು ವಾರ ಬರೆಯಿರಿ. ಪ್ರತಿ ವಾರಕ್ಕೆ ಕೈಯಲ್ಲಿರುವುದು, ಬರುವುದು, ಹೋಗುವುದು, ಉಳಿಯುವುದು. ಬರುವ ದುಡ್ಡನ್ನು ಗಿರಾಕಿ ಕೊಟ್ಟ ಮಾತಿನ ದಿನಕ್ಕೆ ಬರೆಯಬೇಡಿ, ಅವನು ಹಿಂದೆ ನಿಜವಾಗಿ ಕೊಟ್ಟ ದಿನದ ಅಂದಾಜಿಗೆ ಬರೆಯಿರಿ. ಹೋಗುವುದನ್ನು ಮರೆಯದೆ ಬರೆಯಿರಿ: ಜೂನ್‌ನಲ್ಲಿ ಶಾಲೆ ಫೀಸು, 20ಕ್ಕೆ ಜಿಎಸ್‌ಟಿ, ಚೌತಿಗೆ ಊರಿಗೆ ಹೊರಟ ಹುಡುಗರ ಅಡ್ವಾನ್ಸು. ಮಳೆಗಾಲಕ್ಕೆ ಬರುವ ದುಡ್ಡು ಸ್ವಲ್ಪ ಕಡಿಮೆಯೇ ಹಾಕಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಮಾಲೆಲ್ಲ ನೆನೆದು ಹೋದ ಅಂಗಡಿಗಳನ್ನು ನೋಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಉಳಿಯುವುದು ಎನ್ನುವ ಸಾಲಿನಲ್ಲಿ ಒಂಬತ್ತನೇ ವಾರಕ್ಕೆ ಸೊನ್ನೆಗಿಂತ ಕೆಳಗೆ ಬಂದರೆ, ಅದು ಎಂಟು ವಾರ ಮೊದಲೇ ನಿಮಗೆ ಗೊತ್ತಾಯಿತು. ಎಂಟು ವಾರದಲ್ಲಿ ವಸೂಲಿ ಮಾಡಬಹುದು, ಖರೀದಿ ಮುಂದೂಡಬಹುದು, ಬ್ಯಾಂಕಿಗೆ ಅರ್ಜಿ ಹಾಕಬಹುದು. ಆ ವಾರವೇ ಗೊತ್ತಾದರೆ ಬಳೆ ಒತ್ತೆ ಇಡುವುದೊಂದೇ ದಾರಿ.

ಡೊಂಬಿವಲಿಯ ಅಕ್ಕನ ಹತ್ತಿರ ಆ ದಿನ ಇದ್ದದ್ದು ಒಂದೂವರೆ ಲಕ್ಷ. ಪೆಟ್ಟಿಗೆ ಮುಚ್ಚಳದ ಮೇಲಿನ 4.8 ಲಕ್ಷ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಕ್ಯಾಂಟೀನ್ ಮ್ಯಾನೇಜರಿಗೆ ಫೋನ್ ಮಾಡಿ ವಾರದ ಬಿಲ್, 14 ದಿನಕ್ಕೆ ಹಣ ಕೇಳಿದರು. ಅವರು 30 ದಿನ ಅಂದರು. ಹಾಗಾದರೆ ಅರ್ಧ ಮಾಲು ಮಾತ್ರ ಕೊಡುತ್ತೇನೆ, ಉಳಿದರ್ಧ ಬೇರೆಯವರಿಂದ ತೆಗೆದುಕೊಳ್ಳಿ, ನನಗೆ ಮಾತ್ರ 14 ದಿನ ಬೇಕು ಅಂತ ಅಕ್ಕ ಪಟ್ಟು ಹಿಡಿದರು. ಮ್ಯಾನೇಜರ್ ಎರಡು ದಿನ ಬಿಟ್ಟು ಹೂಂ ಅಂದರು. ಅರ್ಧ ಮಾಲಿಗೆ ಅವರ ಕೈಯಿಂದ ಹೋಗಬೇಕಾದ್ದು ಹೆಚ್ಚೆಂದರೆ 60 ಸಾವಿರ. ಬಿಲ್ ಪುಸ್ತಕ ಹೊಸದಾಗಿ ಅಚ್ಚು ಹಾಕಿಸಿದರು, ಮೇಲ್ಗಡೆ ಉದ್ಯಮ್ ನಂಬರ್. ಮೊದಲ ಬಿಲ್ಲಿನ 25 ಸಾವಿರ ಹದಿನೇಳನೇ ದಿನ ಖಾತೆಗೆ ಬಂತು. ಮೂರು ದಿನ ತಡ ಆಯಿತಲ್ಲ ಅಂತ ಅವರು ಅದೇ ಸಂಜೆ ಮ್ಯಾನೇಜರಿಗೆ ಫೋನ್ ಮಾಡಿದರು.